ನಡುಬಂಡೆಯ ಕತ್ತರಿ ಗುರುತು

ಹಿನೊಸಾವಾ,
ಮೇ ೨೮

ಮಿಝುಬಾ ತಂಗುಮನೆಯ ಯಜಮಾನರಾದ ಕನೆಜೋ ಅವರಿಗೆ, ಸಸಾಗೊಯೆ ತಂಗುಮನೆಯ ಶಿಗೆನೊ ತಿಳಿಸುವುದು ಏನೆಂದರೆ, ನನಗೆ ಕಾಗದ ಬರೆಯುವುದೆಂದರೆ ಮೈಯೆಲ್ಲ ಉರಿಯುತ್ತದೆ. ಅದು ನಿಮಗೂ ಗೊತ್ತು. ಶಾಲೆ ಬಿಟ್ಟು ಬೆನ್ನಿಗೆ ಹೊರೆ ಕಟ್ಟಿಕೊಂಡ ಮೇಲೆ ನಾನು ಬರೆದದ್ದು ಅಂದರೆ ಅಕ್ಕಿ ಮೂಟೆಯ ಮೇಲೆ ನಮ್ಮ ಮನೆಯ ಹೆಸರು, ಉಪ್ಪಿನಕಾಯಿ ಪೀಪಾಯಿಯ ಮೇಲೆ ತಿಂಗಳು, ಅಷ್ಟೆ. ಪೆನ್ನು ಹಿಡಿದರೆ ಬೆರಳು ಕುಡುಗೋಲು ಹಿಡಿದ ಹಾಗೆ ಮಡಚಿಕೊಳ್ಳುತ್ತದೆ. ಹೊರಗೆ ಬಿಸಿಲು ಬಿದ್ದಿದೆ, ಕಾಡಿನಲ್ಲಿ ಸೊಪ್ಪು ಚಿಗುರಿದೆ, ಊರ ಹೆಂಗಸರೆಲ್ಲ ಬುಟ್ಟಿ ಹಿಡಿದು ಹೋಗಿದ್ದಾರೆ. ನಾನು ಮಾತ್ರ ಶಿಕ್ಷೆಗೆ ಸಿಕ್ಕ ಹುಡುಗಿಯ ಹಾಗೆ ಮೇಜಿನ ಮುಂದೆ ಕೂತಿದ್ದೇನೆ. ಕೂರಿಸಿದವರು ನೀವು. ಫೋನು ಮಾಡಿದರೆ ಎತ್ತುವುದಿಲ್ಲ, ಆಳು ಕಳಿಸಿದರೆ ಬಾಗಿಲು ತೆಗೆಯುವುದಿಲ್ಲ. ಬೆಟ್ಟದ ಸಂಘದ ಕಾರ್ಯದರ್ಶಿ ನಾಗುಮೊ, ಪಾಪ, ಅಷ್ಟು ದೂರ ಕಾರು ಓಡಿಸಿಕೊಂಡು ನಿಮ್ಮ ಚಳಿಗಾಲದ ಮನೆಗೆ ಬಂದಿದ್ದಳಂತೆ. ಒಳಗೆ ಟೀವಿ ಕೂಗುತ್ತಿತ್ತಂತೆ, ನೀವು ಮಾತ್ರ ಇರಲಿಲ್ಲವಂತೆ.

ಅವಳೇ ಬಂದು ನನ್ನ ಬೆನ್ನು ಹತ್ತಿದಳು. "ಶಿಗೆನೊ ಅಜ್ಜಿ, ಇನ್ನು ನೀವೇ ಬರೀಬೇಕು. ನಿಮ್ಮ ಅಕ್ಷರ ಕಂಡ್ರೆ ಕನೆಜೋ ತಾತ ಹೆದರಿಯಾದ್ರೂ ಒಡೆದು ಓದ್ತಾರೆ" ಅಂದಳು. ಅವರು ಹೆದರೋ ಪೈಕಿ ಅಲ್ಲ, ಮುಖ ತಿರುಗಿಸೋ ಪೈಕಿ ಅಂತ ನಾನು ಹೇಳಿದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಈ ವರ್ಷ ಕೊಮಾದೊರಿ ಬೆಟ್ಟದ ನಕ್ಷೆಯನ್ನು ಹೊಸದಾಗಿ ಅಚ್ಚು ಹಾಕುತ್ತಾರೆ. ನಾಗುಮೊ ಅದರ ಹಾಳೆ ತಂದು ನನ್ನ ಮೇಜಿನ ಮೇಲೆ ಹರಡಿದಳು. ಜನ ಸರಾಗವಾಗಿ ನಡೆಯುವ ದಾರಿಗೆ ಗಟ್ಟಿ ಗೆರೆ. ಗುಂಡಿಗೆ ಇದ್ದವರು ಮಾತ್ರ ಹೋಗುವ ದಾರಿಗೆ ಚುಕ್ಕಿ ಗೆರೆ. ಸತ್ತ ದಾರಿಗೆ ಗೆರೆಯೇ ಇಲ್ಲ, ಬರೀ ಕಾಡಿನ ಹಸಿರು. ನನ್ನ ಮನೆಯಿಂದ ನಿಮ್ಮ ಮನೆಗೆ ಹೋಗುವ ಬೆನ್ನುದಾರಿ ಇದೆಯಲ್ಲ, ಅದರ ಮೇಲೆ ಸೀಸದ ಕಡ್ಡಿಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಜೂನ್ ಇಪ್ಪತ್ತಕ್ಕೆ ಸಭೆ. ಅಷ್ಟರೊಳಗೆ ಎರಡೂ ಮನೆಯವರು ದಾರಿ ಬದುಕಿದೆ, ನಾವು ನೋಡಿಕೊಳ್ಳುತ್ತೇವೆ ಅನ್ನಬೇಕು. ಒಬ್ಬರು ಬಾಯಿ ಮುಚ್ಚಿಕೊಂಡಿದ್ದರೂ ಗೆರೆ ಅಳಿಸುತ್ತಾರೆ. "ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಿ ಅಜ್ಜಿ, ನಾನು ಬರೀ ರಬ್ಬರ್ ಹಿಡಿದೋಳು" ಅಂದಳು ನಾಗುಮೊ. ಈಗ ರಬ್ಬರ್ ಹಿಡಿದವರೇ ಬೆಟ್ಟದ ದೇವರು ಅಂದೆ ನಾನು.

ಗೆರೆ ಅಳಿಸಿದರೆ ನಿಮಗೆ ಒಂದು ಕೂದಲೂ ಕೊಂಕುವುದಿಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆಯುತ್ತೇನೆ, ಓದುವಾಗಲಾದರೂ ಸ್ವಲ್ಪ ನಾಚಿಕೆಯಾಗಲಿ. ದಕ್ಷಿಣದ ಕಡೆ ಬಸ್ಸು ಬೆಟ್ಟದ ಬುಡದವರೆಗೆ ಬರುತ್ತದೆ. ಅಲ್ಲಿಂದ ಮರದ ಮೆಟ್ಟಿಲು, ಸೀಡರ್ ತೋಪು, ತಣ್ಣಗಿನ ಬುಗ್ಗೆ, ಬುಗ್ಗೆಯ ಪಕ್ಕದಲ್ಲೇ ನಿಮ್ಮ ಮಿಝುಬಾ. ಹಿತ್ತಲ ಬಾಗಿಲು ತೆಗೆದು ಬೋಳು ಇಳಿಜಾರು ಏರಿದರೆ ಶಿಖರ. ಮೊಮ್ಮಕ್ಕಳನ್ನು ಎತ್ತಿಕೊಂಡೂ ಹತ್ತುತ್ತಾರೆ. ನನ್ನ ಕಡೆ ಹಾಗಿಲ್ಲ. ಈ ಹಿನೊಸಾವಾದಿಂದ ಬೀಚ್ ಮರಗಳ ಕಾಡು, ಕಾಡಿನೊಳಗೆ ದಾಟಿದಷ್ಟೂ ಮುಗಿಯದ ಹೊಳೆ, ಜೂನ್ ಕಳೆದರೂ ಕರಗದ ಹಿಮದ ಪಟ್ಟಿ, ಆಮೇಲೆ ಉಸಿರು ಕಟ್ಟುವ ಏರು, ಏರಿನ ತುದಿಯ ಸಂದಿನಲ್ಲಿ ನನ್ನ ಸಸಾಗೊಯೆ. ಅಲ್ಲಿಂದ ಕುಳ್ಳ ಬಿದಿರಿನ ಬಯಲು, ಕೆರೆ, ಕೆರೆ ದಾಟಿದರೆ ಬೆಟ್ಟದ ಬೆನ್ನು. ಬೆನ್ನಿನ ಮಧ್ಯದಲ್ಲಿ ನಡುಬಂಡೆ. ನಡುಬಂಡೆಯಿಂದ ಆಚೆ ನಿಮ್ಮ ಅರ್ಧ: ಕುದುರೆಯ ಬೆನ್ನಿನಂಥ ಕಿರಿದಾದ ಜಾಗ, ಸರಪಳಿ, ಸಡಿಲ ಕಲ್ಲು ಜಾರುವ ಕೆಂಪು ಜರಿ, ಅದರ ಮೇಲೆ ಶಿಖರ. ನನ್ನ ಕಡೆಯಿಂದ ಬಂದವರಿಗೂ ಶಿಖರ ಸಿಗುವುದು ನಿಮ್ಮ ಅರ್ಧದಲ್ಲೇ. ಬೆನ್ನುದಾರಿ ಹೋಯಿತು ಅಂದರೆ ನನ್ನದು ಶಿಖರವಿಲ್ಲದ ತಂಗುಮನೆ. ಅಂಥ ಮನೆಗೆ ಯಾರು ಬರುತ್ತಾರೆ? ಅಣಬೆ ಕೀಳುವವರು ಬರುತ್ತಾರೆ, ಗಂಡನ ಜತೆ ಜಗಳವಾಡಿದವರು ಬರುತ್ತಾರೆ. ಅವರಿಗೆ ಅನ್ನ ಬೇಯಿಸಿ ಮನೆ ನಡೆಯುವುದಿಲ್ಲ. ಅಜ್ಜನ ಕಾಲದ ಮನೆ ನನ್ನ ಕೈಯಲ್ಲೇ ಮುಚ್ಚುತ್ತದೆ. ನಾನು ಈ ಕಾಗದ ಬರೆಯುತ್ತಿರುವುದು ಇದಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ಆ ದಾರಿ ಹುಟ್ಟಿದ್ದು ನಮ್ಮ ಮದುವೆಗೆ ಅನ್ನುವುದನ್ನಾದರೂ ಮರೆತಿಲ್ಲ ತಾನೇ? ಹೆಣ್ಣು ಕೊಡುವ ಮನೆಗೂ ತರುವ ಮನೆಗೂ ನಡುವೆ ಬೆಟ್ಟದ ಬೆನ್ನಿದೆ, ಸುತ್ತು ಹಾಕಿ ಕೆಳಗಿಳಿದು ಹೋಗುವುದು ನಮಗೆ ಮರ್ಯಾದೆಯಲ್ಲ ಅಂತ ನಮ್ಮಪ್ಪ ಈ ಕಡೆಯಿಂದ ಬಿದಿರು ಸವರಿದರು, ನಿಮ್ಮಪ್ಪ ಆ ಕಡೆಯಿಂದ. ಇಬ್ಬರೂ ಬಂಡೆಯ ಹತ್ತಿರ ಎದುರಾದರು. ಬಂಡೆಗೆ ಸಾಕೆ ಅನ್ನುವ ಅಕ್ಕಿಯ ಮದ್ಯ ಸುರಿದು ಇಲ್ಲಿಂದ ಅತ್ತ ನಿಮ್ಮದು, ಇತ್ತ ನಮ್ಮದು ಅಂತ ಮಾತಾಯಿತು. ಸವರುವುದು, ಸರಪಳಿ ಬಿಗಿಯುವುದು, ಬಂಡೆಗಳ ಮೇಲೆ ಬಿಳಿ ಬಣ್ಣದ ಸುತ್ತು ಹಾಕುವುದು, ಎಲ್ಲ ಅರ್ಧ ಅರ್ಧ. ಒಂದು ಮನೆ ಬಳಿದ ಗುರುತನ್ನು ಇನ್ನೊಂದು ಮನೆ ಕೆರೆಯಬಾರದು, ಅದಕ್ಕೆ ಹಕ್ಕಿಲ್ಲ ಅಂತಲೂ ಆವತ್ತೇ ಮಾತಾಯಿತು. ನಾನು ಮದುವೆಯ ಕಿಮೊನೊವನ್ನು ಹೊರೆಯ ಚೌಕಟ್ಟಿಗೆ ಕಟ್ಟಿಕೊಂಡು, ರಬ್ಬರ್ ಬೂಟು ಹಾಕಿಕೊಂಡು ಆ ದಾರಿಯಲ್ಲಿ ನಿಮ್ಮ ಮನೆಗೆ ಬಂದವಳು. ಮದುವೆಗಿಂತ ದಾರಿಯೇ ಗಟ್ಟಿಯಾಯಿತು.

ನಾನು ಬಿಟ್ಟು ಹೋದೆ ಅಂತ ನಿಮ್ಮ ಕಡೆಯವರು ಇವತ್ತಿಗೂ ಹೇಳುತ್ತಾರೆ. ಹೇಳಿಕೊಳ್ಳಲಿ. ಅಪ್ಪ ಸತ್ತ ವರ್ಷ ನಮ್ಮ ಮನೆಗೆ ಒಲೆ ಹಚ್ಚುವವರಿಲ್ಲ, ಒಂದು ಬೇಸಿಗೆ ನೋಡಿಕೊಂಡು ಬರುತ್ತೇನೆ ಅಂದೆ. ಮುಂದಿನ ಬೇಸಿಗೆಯೂ ಹೋದೆ. ಆಗ ನೀವು ಅಂದಿರಿ, "ಮಿಝುಬಾನೋ ಸಸಾಗೊಯೆನೋ, ಒಂದು ಹೇಳಿಬಿಡು." ನಾನು ಅಂದೆ, "ನೀವೇ ಆ ಕಡೆಗೆ ಬನ್ನಿ, ಅಲ್ಲೂ ಅಕ್ಕಿ ಬೇಯುತ್ತೆ." ನೀವು ಬರಲಿಲ್ಲ. ನಾನೂ ಬರಲಿಲ್ಲ. ವಿಚ್ಛೇದನಕ್ಕೆ ಮೊಹರು ಒತ್ತಲು ಕೆಳಗಿಳಿಯಬೇಕಲ್ಲ, ಇಬ್ಬರಿಗೂ ಪುರಸೊತ್ತಿರಲಿಲ್ಲ. ಹೀಗೆ ಮುದುಕರಾದೆವು. ಇದರಲ್ಲಿ ಯಾರದು ಸರಿ ಎಂದು ಕೇಳಲು ನಾನು ಕೂತಿಲ್ಲ.

ಆದರೆ ಅರ್ಧ ಅರ್ಧ ಅನ್ನುವುದನ್ನು ನಾವು ಬಿಡಲಿಲ್ಲ. ಪ್ರತಿ ಜುಲೈನಲ್ಲಿ ಬಿದಿರು ಸವರುವ ದಿನ ನೀವು ಆ ಕಡೆಯಿಂದ ಬರುತ್ತಿದ್ದಿರಿ, ನಾನು ಈ ಕಡೆಯಿಂದ. ಬಂಡೆಯ ಆ ಬದಿಗೆ ನೀವು ಕೂತು ಅನ್ನದ ಉಂಡೆ ತಿನ್ನುತ್ತಿದ್ದಿರಿ, ಈ ಬದಿಗೆ ಕೂತು ನಾನು. ನಡುವೆ ಬಂಡೆ. ನಿಮ್ಮ ಆಳುಗಳು, ನನ್ನ ಆಳುಗಳು ಕಣ್ಣಲ್ಲೇ ನಗುತ್ತಿದ್ದರು. ಒಂದು ವರ್ಷ ನೀವು ಯಾರಿಗೋ ಹೇಳುವ ಹಾಗೆ, "ಆ ಕಡೆಯೋರು ಬುಡಕ್ಕೆ ಕುಯ್ಯಲ್ಲ, ಕೂದಲು ಕತ್ತರಿಸಿದ ಹಾಗೆ ಮೇಲೆ ಮೇಲೆ ಸವರ್ತಾರೆ" ಅಂದಿರಿ. ನಾನೂ ಯಾರಿಗೋ ಹೇಳುವ ಹಾಗೆ, "ಈ ಕಡೆ ಜನ ನಡೀತಾರೆ, ಆ ಕಡೆ ಬರೀ ಬಾಯಿ ನಡೆಯುತ್ತೆ" ಅಂದೆ. ನಿಮ್ಮ ಆಳೊಬ್ಬ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣು ಗಂಟಲಲ್ಲಿ ಸಿಕ್ಕಿ ಕೆಮ್ಮಿದ. ಅದೇ ನಾವು ಆಡಿದ ದೊಡ್ಡ ಮಾತುಕತೆ.

ಆಮೇಲೆ ನೀವು ಬರುವುದನ್ನು ನಿಲ್ಲಿಸಿ ಆಳುಗಳನ್ನಷ್ಟೇ ಕಳಿಸಿದಿರಿ. ಹೋದ ವರ್ಷ ಅವರೂ ಬರಲಿಲ್ಲ. ನನ್ನ ಅರ್ಧ ಬೋಳಿಸಿದ ತಲೆಯ ಹಾಗಿತ್ತು. ಬಂಡೆಯಾಚೆ ಬಿದಿರು ಮೊಣಕಾಲು ಮುಟ್ಟಿತ್ತು. ಆದರೂ ದಾರಿ ಕಾಣುತ್ತಿತ್ತು, ಜನ ದಾಟುತ್ತಿದ್ದರು. ಪ್ರತಿ ಸಂಜೆ ವೈರ್‌ಲೆಸ್ಸಿನಲ್ಲಿ ಎಲ್ಲ ಮನೆಗಳೂ ಹವೆ ಹೇಳುವಾಗ ನಿಮ್ಮ ದನಿ ಬರುತ್ತಿತ್ತು: ಮಿಝುಬಾ, ಮಂಜು, ಪಡುವಣ ಗಾಳಿ, ಮುಗಿಯಿತು. ನನ್ನ ಸರದಿ ಬಂದಾಗ ನಾನೂ ಹೇಳುತ್ತಿದ್ದೆ: ಸಸಾಗೊಯೆ, ಮಂಜು, ಮುಗಿಯಿತು. ಎದುರಿಗಿದ್ದಾಗ ಆಡದ ಜನ ಗಾಳಿಯಲ್ಲಿ ಏನು ಆಡುತ್ತಾರೆ!

ಸೆಪ್ಟೆಂಬರಿನ ಬಿರುಗಾಳಿ ಬಂತು. ಅದು ಹೋದ ಮರುದಿನವೇ ನಾನು ಬಂಡೆಯವರೆಗೆ ನಡೆದು ನೋಡಿದೆ. ನನ್ನ ಅರ್ಧಕ್ಕೆ ಏನೂ ಆಗಿರಲಿಲ್ಲ. ಬಂಡೆಯ ಎಡಗೆನ್ನೆಯ ಮೇಲೆ, ಇಲ್ಲಿಂದ ಬಳಸಿ ಹೋಗಿ ಅನ್ನುವ ಬಿಳಿ ಸುತ್ತು ಇದ್ದ ಹಾಗೇ ಇತ್ತು. ನಿಮ್ಮ ಅರ್ಧದ ಕೆಂಪು ಜರಿ ಕುಸಿದಿದೆ ಅನ್ನುವುದು ನನಗೆ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಆ ಸಂಜೆಯೂ ನೀವು ಮಂಜು, ಪಡುವಣ ಗಾಳಿ, ಮುಗಿಯಿತು ಅಂದಿರಿ. ಅದರ ಮರುದಿನವೂ ಅಷ್ಟೇ. ನಿಮ್ಮ ಮನೆಯ ಹಿತ್ತಲಲ್ಲಿ ಹಗ್ಗ ಕಟ್ಟಿ ದಾರಿ ಮುಚ್ಚಿದೆ ಅಂತ ಹಲಗೆ ನಿಲ್ಲಿಸಿದ್ದಿರಂತೆ. ನಿಮ್ಮ ಕಡೆಯವರು ಯಾರೂ ಸಿಕ್ಕಿಹಾಕಿಕೊಳ್ಳಲಿಲ್ಲ. ನನ್ನ ಕಡೆಯವರಿಗೆ ಏನು ಮಾಡಿದಿರಿ? ಬಂಡೆಗೆ ಬಂದು ಆ ಬಿಳಿ ಸುತ್ತಿನ ಮೇಲೆ ಅಡ್ಡಡ್ಡ ಎರಡು ಗೀಟು ಎಳೆದು ಕತ್ತರಿ ಗುರುತು ಹಾಕಿ ಹೋದಿರಿ.

ಈಗ ಕೇಳುತ್ತೇನೆ. ನೀವು ಹುಟ್ಟಿದ್ದು ಬೆಟ್ಟದಲ್ಲೋ ಪೇಟೆಯಲ್ಲೋ? ದಾರಿ ಮುಚ್ಚುವವರು ದಾರಿಯ ತಲೆಯಲ್ಲಿ ಮುಚ್ಚುತ್ತಾರೆ. ಜನ ಮುಂಜಾನೆ ಹೊರಡುವ ಮೊದಲೇ, ನನ್ನ ಅಂಗಳದಲ್ಲೇ ತಿಳಿಯಬೇಕು. ಅರ್ಧ ದಿನ ನಡೆದು ಬಂಡೆಗೆ ಬಂದವರಿಗೆ ಎಡಕ್ಕೆ ಕತ್ತರಿ ಕಂಡರೆ ಏನು ಅಂದುಕೊಳ್ಳುತ್ತಾರೆ? ಎಡಕ್ಕಲ್ಲ, ಹಾಗಾದರೆ ನೆಟ್ಟಗೆ ಅಂದುಕೊಳ್ಳುತ್ತಾರೆ. ನೆಟ್ಟಗೆ ಏನಿದೆ? ಸುಳ್ಳು ಬೆನ್ನು. ನೋಡಲು ನಿಜವಾದ ಬೆನ್ನಿಗಿಂತ ಅಗಲ, ಬಿದಿರೂ ಇಲ್ಲ, ಯಾರೋ ಗುಡಿಸಿಟ್ಟ ಹಾಗಿರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಸೀದಾ ಕಪ್ಪು ಕೊರಕಲಿಗೆ ಇಳಿಯುತ್ತದೆ, ಇಳಿದವರು ಹತ್ತಲಾರರು. ಇದು ಬೆಟ್ಟದ ಮಕ್ಕಳೆಲ್ಲರಿಗೂ ಗೊತ್ತಿರುವ ಜಾಗ. ನಿಮ್ಮಪ್ಪನೂ ನಮ್ಮಪ್ಪನೂ ಮೊಟ್ಟಮೊದಲ ಸುತ್ತು ಬಳಿದದ್ದೇ ಅಲ್ಲಿ. ಆದರೆ ನಿಮಗೆ ಅರ್ಧದ ಲೆಕ್ಕ. ನೀವು ಅಂದುಕೊಂಡದ್ದು ಇಷ್ಟೆ: ನನ್ನ ಅರ್ಧ ಮುಚ್ಚಿದೆ, ನನ್ನ ಅರ್ಧ ಶುರುವಾಗುವುದು ಬಂಡೆಯಲ್ಲಿ, ಆದ್ದರಿಂದ ಬಂಡೆಗೆ ಕತ್ತರಿ. ಅದರಾಚೆ ಶಿಗೆನೊಳ ನೆಲ, ಅಲ್ಲಿಗೆ ನನ್ನ ಕುಂಚ ಹೋಗುವುದಿಲ್ಲ. ಇಷ್ಟು ನಿಯತ್ತಿನ ಮನುಷ್ಯನಿಗೆ ಏನು ಹೇಳಲಿ?

ಅಕ್ಟೋಬರಿನ ಮೊದಲ ವಾರ ಎಲೆ ಕೆಂಪಾದಾಗ ಇಬ್ಬರು ಹೆಂಗಸರು ನನ್ನ ಮನೆಯಿಂದ ಹೊರಟರು. ಒಬ್ಬಳು ಉಜಿಯೆ ಅಂತ, ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು, ಇನ್ನೊಬ್ಬಳು ಅವಳ ನೆರೆಮನೆಯ ಗೆಳತಿ. ಬೆಳಿಗ್ಗೆ ಉಜಿಯೆ ನನ್ನ ಒಲೆಯ ಮುಂದೆ ಕೂತು ಗೆಳತಿಯ ಕರಡಿ ಗಂಟೆಯನ್ನು ಹಾಸ್ಯ ಮಾಡುತ್ತಿದ್ದಳು: "ಇವಳ ಬಾಯಿ ಇರುವಾಗ ಗಂಟೆ ಯಾಕೆ ಅಜ್ಜಿ, ಕರಡಿ ಪಕ್ಕದ ಜಿಲ್ಲೆಗೇ ಓಡುತ್ತೆ." ನಾನೇ ಉಂಡೆ ಕಟ್ಟಿಕೊಟ್ಟೆ, ಬಂಡೆಯಲ್ಲಿ ಎಡಕ್ಕೆ ಬಳಸಿ ಅಂತ ನಾನೇ ಹೇಳಿದೆ. ಮಧ್ಯಾಹ್ನ ಗೆಳತಿ ಒಬ್ಬಳೇ ವಾಪಸು ಬಂದಳು, ಅಂಗೈ ತರಚಿ ರಕ್ತವಾಗಿತ್ತು, ಗಂಟೆ ಮಾತ್ರ ಟಣಟಣ ಅನ್ನುತ್ತಿತ್ತು. ಮಂಜಿತ್ತಂತೆ. ಎಡಕ್ಕೆ ಹೋಗಬೇಕು ಅಂತ ಉಜಿಯೆ ಅಂದಳಂತೆ. ಕತ್ತರಿ ಹಾಕಿದ್ದಾರಲ್ಲ, ಅಜ್ಜಿಯ ಕಾಲದ ಮಾತು ಹಳೆಯದಾಯಿತು, ಗುರುತು ಹೊಸದು ಅಂತ ಇವಳು ಅಂದಳಂತೆ. ನೆಟ್ಟಗೆ ಹೋದರು.

ಊರ ರಕ್ಷಣಾ ತಂಡದ ಜತೆ ನಾನೂ ಕೊರಕಲಿಗೆ ಇಳಿದೆ. ನಿಮ್ಮ ಮನೆಗೂ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದಿತ್ತು, ಕೇಳಿದ್ದೀರಿ. ಉಜಿಯೆಯ ಸೊಂಟದ ಮೂಳೆ ಮುರಿದಿತ್ತು. ಹೊತ್ತು ತರುವಾಗ ಅವಳು ಅಳಲಿಲ್ಲ, ಭಾರವಾಗಿದ್ದೇನೆ ಕ್ಷಮಿಸಿ ಅಂತ ಹೊತ್ತವರಿಗೆ ಹೇಳುತ್ತಿದ್ದಳು. ಬದುಕಿದಳು. ಇನ್ನು ಬೆಟ್ಟ ಹತ್ತುವುದಿರಲಿ, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕು.

ಆಸ್ಪತ್ರೆಗೆ ಹೋಗಿ ತಲೆ ಬಾಗಿಸಿ ಬಂದೆ. ಸಿಹಿಯ ಪೆಟ್ಟಿಗೆ ಒಯ್ದಿದ್ದೆ, ಅವಳ ಗಂಡ ಅದನ್ನು ತೆಗೆದುಕೊಳ್ಳಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತ. ಉಜಿಯೆಯೇ ಮಾತಾಡಿದಳು. "ಅಜ್ಜಿ, ಪೇಟೆಯಲ್ಲಿ ನಾವು ಯಾವ ಬೋರ್ಡನ್ನೂ ನಂಬಲ್ಲ. ಬೆಟ್ಟದಲ್ಲಿ ಬಂಡೆ ಮೇಲೆ ಬಳಿದಿದ್ದನ್ನ ನಂಬಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿದ್ರು. ನಂಬಿದ್ದೇ ತಪ್ಪಾಯ್ತಾ?" ನಾನು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಆ ಪ್ರಶ್ನೆಯನ್ನು ನಿಮಗೆ ಕಳಿಸುತ್ತಿದ್ದೇನೆ, ಅದು ನಿಮ್ಮದು.

ಠಾಣೆಯವರು ಬಂದು ಕೇಳಿಕೊಂಡು ಹೋದರು. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಕೇಸು ಗೀಸು ಅಂತ ಮುಂದೆ ಹೋಗಲಿಲ್ಲ, ಬೈದು ಬಿಟ್ಟರು. ಆದರೆ ಊರು ಬಿಡುವುದಿಲ್ಲ. ಆ ಕತ್ತರಿ ನನ್ನ ಕೈಯದು ಅಂತ ಹಿನೊಸಾವಾದ ಎಲ್ಲರ ಬಾಯಲ್ಲೂ ಇದೆ. ಬಿಸಿನೀರಿನ ಸ್ನಾನದ ಮನೆಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಭುಜದ ಮೇಲೆ ನೀರು ಸುರಿದುಕೊಳ್ಳುತ್ತಾರೆ. ಸೋಯಾ ಮೊಸರು ಮಾರುವ ಹೆಂಗಸು ಒಂದು ದಿನ ಎಲ್ಲರೆದುರಿಗೆ ಕೇಳಿದಳು, "ಏನ್ ಶಿಗೆನೊ ಅಕ್ಕಾ, ಈ ವರ್ಷ ಯಾವ ಬಂಡೆಗೆ ಸುಣ್ಣ ಹೊಡೀತೀರಿ? ಗಂಡನ ದಾರಿ ಮುಚ್ಚೋಕೆ ಹೋಗಿ ಪರರ ಸೊಂಟ ಮುರಿದ್ರಲ್ಲ." ನಾನು ನೀರು ತುಂಬಿದ ಬೋಗುಣಿಯನ್ನು ಅವಳ ತಲೆಯ ಮೇಲೆ ಕವುಚಿ ಮನೆಗೆ ಬಂದೆ. ಆಮೇಲೆ ಚಳಿಗಾಲವಿಡೀ ಮನೆಯ ತೊಟ್ಟಿಯಲ್ಲೇ ಸ್ನಾನ. ಈ ಮಾತು ಬೆಟ್ಟ ಸುತ್ತಿ ನಿಮ್ಮ ಕಿವಿಗೂ ಬಿದ್ದಿದೆ, ನಾಗುಮೊ ಹೇಳಿದಳು. ಬಿದ್ದರೂ ನೀವು ಟೀವಿಯ ದನಿ ಜೋರು ಮಾಡಿಕೊಂಡು ಕೂತಿರಿ. ಅದು ಅವಳದಲ್ಲ, ನನ್ನದು ಅನ್ನಲು ಎಷ್ಟು ಉಸಿರು ಬೇಕು?

ಉಸಿರಿನ ವಿಷಯ ಬಂತು, ಅದನ್ನೂ ಬರೆದುಬಿಡುತ್ತೇನೆ. ಹೋದ ವರ್ಷ ಚಳಿಗಾಲಕ್ಕೆ ತಂಗುಮನೆಗೆ ಬೀಗ ಹಾಕುವ ಮೊದಲು ನಾನು ಬಂಡೆ ದಾಟಿ ನಿಮ್ಮ ಅರ್ಧಕ್ಕೆ ಹೋಗಿದ್ದೆ. ನಡೆಯಬಾರದು ಅಂತ ಯಾರೂ ಮಾತು ಮಾಡಿಲ್ಲವಲ್ಲ. ಕುದುರೆ ಬೆನ್ನು ದಾಟಿ ಕೆಂಪು ಜರಿಯ ಅಂಚಿನವರೆಗೆ ಹೋದೆ. ಅಡಿ ಇಟ್ಟರೆ ಇಡೀ ಇಳಿಜಾರು ಬಡಬಡಿಸುತ್ತದೆ. ಅಂಚಿನಲ್ಲಿ ನೀವು ಸರಪಳಿ ಬಿಗಿಯಲು ಹೊರಟದ್ದು ಕಂಡಿತು. ಮೊದಲ ಗೂಟ ನೆಟ್ಟಗಿದೆ. ಎರಡನೆಯದು ಕುಡಿದವನ ಹಾಗೆ ವಾಲಿದೆ. ಮೂರನೆಯದನ್ನು ತೂತಿನಲ್ಲಿ ನಿಲ್ಲಿಸಿದ್ದೀರಿ, ಹೊಡೆದೇ ಇಲ್ಲ. ಪಕ್ಕದಲ್ಲಿ ನಿಮ್ಮ ಸುತ್ತಿಗೆ ತುಕ್ಕು ಹಿಡಿದು ಬಿದ್ದಿತ್ತು. ನೆಲಕ್ಕೆ ಹಬ್ಬಿದ ಪೈನ್ ಗಿಡ ಒಂದು ಕಡೆ ಚಪ್ಪಟೆಯಾಗಿತ್ತು, ಯಾರೋ ಬಹಳ ಹೊತ್ತು ಅದರ ಮೇಲೆ ಮಲಗಿದ್ದ ಹಾಗೆ. ಊಟಕ್ಕೆ ಏಳುವಾಗಲೂ ಸುತ್ತಿಗೆಯನ್ನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಮನುಷ್ಯ ಅದನ್ನು ಬೆಟ್ಟದ ಮೇಲೆ ಬಿಟ್ಟು ಹೋಗಿದ್ದಾನೆ. ನನಗೆ ಅಕ್ಷರ ಕಡಿಮೆ, ಆದರೆ ಇದನ್ನು ಓದಲು ಬರುತ್ತದೆ. ಎದೆಯೋ ಕಾಲೋ, ಏನೋ ಒಂದು ಕೈಕೊಟ್ಟಿದೆ ನಿಮಗೆ. ಎಷ್ಟು ದಿನದಿಂದ ಅಂತ ಕೇಳುವುದಿಲ್ಲ. ಸುತ್ತಿಗೆಯನ್ನು ಅಲ್ಲೇ ಬಿಟ್ಟು ಬಂದೆ. ಅದು ನಿಮ್ಮ ಅರ್ಧದಲ್ಲಿತ್ತು.

ವಾಪಸು ಬಂದು ಬಂಡೆಯ ಬುಡದಲ್ಲಿ ಕೂತಾಗ ನನಗೆ ಸಿಟ್ಟು ಬಂತು ನೋಡಿ, ಅಂಥ ಸಿಟ್ಟು ಅಪ್ಪ ಸತ್ತ ವರ್ಷವೂ ಬಂದಿರಲಿಲ್ಲ. ಆ ಕೈಕೊಟ್ಟ ಮೈ ಹೊತ್ತುಕೊಂಡು, ಜಾರುವ ಆ ಜರಿಯನ್ನು ದಾಟಿ, ಬಣ್ಣದ ಡಬ್ಬಿ ಹಿಡಿದು ನೀವು ಬಂಡೆಗೆ ಬಂದಿರಿ. ಕತ್ತರಿ ಎಳೆದಿರಿ. ಬಂಡೆಯಿಂದ ನನ್ನ ಮನೆಗೆ ಇಳಿಜಾರು. ಕೆರೆ, ಬಯಲು, ಹೊಗೆ ಕಾಣುತ್ತದೆ. ಮಕ್ಕಳೂ ಓಡಿಕೊಂಡು ಬರುತ್ತಾರೆ. ಬಂದು ಹೊಸ್ತಿಲಲ್ಲಿ ನಿಂತು ಜರಿ ಹೋಯಿತು ಅಂತ ಒಂದು ಮಾತು ಹೇಳಿದ್ದರೆ ನಾನು ಆ ಇಬ್ಬರು ಹೆಂಗಸರನ್ನು ಬಿಡುತ್ತಿರಲಿಲ್ಲ. ಒಲೆಯ ಮುಂದೆ ಕೂರಿ ಅಂತಲೂ ಅನ್ನುತ್ತಿದ್ದೆನೋ ಏನೋ. ನೀವು ಬರಲಿಲ್ಲ. ಸಾಯಲೂಬಹುದಾಗಿದ್ದ ಜರಿಯನ್ನೇ ಮತ್ತೆ ದಾಟಿ ನಿಮ್ಮ ಮನೆಗೆ ಹೋದಿರಿ. ಜರಿಯಲ್ಲಿ ಸತ್ತರೂ ಸರಿ, ನನ್ನ ಹೊಸ್ತಿಲು ತುಳಿಯಬಾರದು! ಇದನ್ನು ನಾನು ಯಾರಿ​ಗೂ ಹೇಳಿಲ್ಲ. ಹೇಳಿದರೆ ನನಗೇ ಅವಮಾನ.

ಈಗ ಆಗಬೇಕಾದ್ದು ಕೇಳಿ. ಜರಿಯ ಮೇಲಿನ ಅಂಚಿನಿಂದ ಹೊಸ ಸರಪಳಿ, ಮರದ ಏಣಿ ಹಾಕಿಸಲು ಸಂಘ ತಯಾರಿದೆ. ಹೆಲಿಕಾಪ್ಟರಿನಲ್ಲಿ ಸಾಮಾನು ಇಳಿಸುತ್ತಾರಂತೆ. ಆದರೆ ಅದು ಮಿಝುಬಾದ ಅರ್ಧ, ಮಿಝುಬಾದವರು ಬಾಯಿ ಬಿಟ್ಟು ಕೇಳಬೇಕು. ಕೇಳದೆ ಅವರು ಕೈ ಹಾಕುವುದಿಲ್ಲ. ನೀವು ಮಾಡಬೇಕಾದ್ದು ಎರಡೇ ಕೆಲಸ. ಸಭೆಗೆ ಮೊದಲು ಸಂಘಕ್ಕೆ ಆ ಮಾತು ಹೇಳುವುದು, ಮತ್ತೆ ಬೇಸಿಗೆಯಲ್ಲಿ ಜನರಿಗೆ ಬೆಟ್ಟ ತೆರೆಯುವ ಪೂಜೆಗೆ ಮೊದಲು ಬಂಡೆಗೆ ಬಂದು ಕತ್ತರಿ ಕೆರೆದು ಸುತ್ತು ಬಳಿಯುವುದು. ಕತ್ತರಿ ಇದ್ದಷ್ಟು ದಿನ ಗೆರೆ ಹಾಕಲಾರೆ ಅಂತ ನಾಗುಮೊ ಖಡಾಖಂಡಿತವಾಗಿ ಹೇಳಿದ್ದಾಳೆ. ಅದಲ್ಲ, ನನಗೆ ಈ ದಾರಿ ಬೇಡವೇ ಬೇಡ ಅನ್ನುವುದಾದರೆ ಅದನ್ನಾದರೂ ಗಂಡಸಿನ ಹಾಗೆ ಬರೆದು ಕಳಿಸಿ. ನನ್ನ ಮನೆಯ ಹಾಸಿಗೆಗಳನ್ನು ಯಾರಿಗಾದರೂ ಕೊಡಬೇಕು, ಪಾತ್ರೆ ಕೆಳಗಿಳಿಸಬೇಕು, ಅದಕ್ಕೆಲ್ಲ ಆಳು ಗೊತ್ತು ಮಾಡಬೇಕು. ಸುಮ್ಮನೆ ಕೂತು ನನ್ನ ಮನೆಯನ್ನು ಕೊಲ್ಲಬೇಡಿ.

ನಿಮ್ಮ ಆರೋಗ್ಯ ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ಪೋಸ್ಟಿನವನಿಗೆ ಬಾಗಿಲು ತೆಗೆಯಿರಿ.

ಸಸಾಗೊಯೆ ತಂಗುಮನೆ,
ಶಿಗೆನೊ

ಇನ್ನೊಂದು ಮಾತು. ಬರೆಯಬಾರದು ಅಂತಲೇ ಸಹಿ ಹಾಕಿದ್ದೆ, ಲಕೋಟೆ ಅಂಟಿಸಲು ಹೋಗಿ ಕೈ ನಿಂತಿತು. ಕತ್ತರಿ ನನ್ನದು ಅಂತ ಊರಿಗೆ ಯಾರು ಹೇಳಿದರು ಅಂತ ನೀವು ಯೋಚಿಸಿರಬೇಕು. ನಾನೇ. ಠಾಣೆಯವನು ಯಾರು ಬಳಿದದ್ದು ಅಂತ ಕೇಳಿದಾಗ ನಾನೇ ಬಳಿದದ್ದು ಅಂದೆ. ಕರುಣೆ ಗಿರುಣೆ ಅಂತ ತಿಳಿಯಬೇಡಿ. ಯಾಕೆ ಅಂದೆ ಅಂತ ಚಳಿಗಾಲವಿಡೀ ಯೋಚಿಸಿದೆ, ಒಂದು ಒಳ್ಳೆಯ ಕಾರಣವೂ ಸಿಗಲಿಲ್ಲ. ಈಗ ಎಲ್ಲರ ಲೆಕ್ಕದಲ್ಲಿ ಗುರುತು ನನ್ನದು, ಕೆರೆಯುವ ಹಕ್ಕೂ ನನ್ನದೇ. "ನಿಮ್ದೇ ತಾನೇ ಅಜ್ಜಿ, ಒಂದು ಸಲ ಹೋಗಿ ಒರೆಸಿ ಮುಗಿಸಿಬಿಡಿ" ಅಂತ ನಾಗುಮೊ ಬಂದಾಗಲೆಲ್ಲ ಹೇಳುತ್ತಾಳೆ. ನಾನು ಒರೆಸುವುದಿಲ್ಲ. ಬಾಯಲ್ಲಿ ಒಂದು ಸುಳ್ಳು ಹೇಳಿದ್ದೇನೆ, ಅದನ್ನು ಕೈಯಲ್ಲೂ ಮಾಡಲಾರೆ. ಬಂಡೆಯವರೆಗೆ ಬರಲು ನಿಮ್ಮಿಂದ ಆಗದಿದ್ದರೆ "ಆಗುವುದಿಲ್ಲ, ನೀನೇ ಒರೆಸು" ಎಂದು ಬರೆಯಿರಿ. ಸಂಘಕ್ಕಲ್ಲ, ನನಗೆ. ಅಷ್ಟು ಬಂದರೆ ಮರುದಿನವೇ ಬೆಟ್ಟ ಹತ್ತುತ್ತೇನೆ, ನಿಮ್ಮ ಅರ್ಧವನ್ನೂ ನನ್ನ ಆಳುಗಳೇ ಸವರುತ್ತಾರೆ. ಬರದಿದ್ದರೆ ಕತ್ತರಿ ಅಲ್ಲೇ ಇರಲಿ, ಗೆರೆಯೂ ಹೋಗಲಿ, ನನ್ನ ಮನೆಯೂ ಹೋಗಲಿ. ಜೂನ್ ಹದಿನೈದರೊಳಗೆ ಉತ್ತರ ಬರಬೇಕು.